ಬೇಗ ತೂಗಿದ ತಕ್ಕಡಿ

ಅಕ್ಷರ ಸೊಟ್ಟಗಿವೆ, ಓದುವವರು ಕ್ಷಮಿಸಬೇಕು. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟ ಕೈ ಇದು. ದೊಡ್ಡ ಮಾತುಗಳು ಬರುವುದಿಲ್ಲ, ಬಂದರೂ ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ. ಕಂಪ್ಯೂಟರಿನ ಸಂಗತಿಗಳನ್ನು ವೈಜಯಂತಿಯಕ್ಕ ಹೇಳಿದ ಹಾಗೆಯೇ, ಎರಡೆರಡು ಸಲ ಕೇಳಿಕೊಂಡು ಬರೆದದ್ದು. ಎಲ್ಲಾದರೂ ಅರ್ಥವಾಗದಿದ್ದರೆ ತಪ್ಪು ಬರೆದ ಕೈಯದು, ಅವಳದಲ್ಲ.

ಅರ್ಗಾದ ಕಡಲ ದಂಡೆಯ ಮನೆಗಳಲ್ಲಿ ವೈಜಯಂತಿಯಷ್ಟು ಅನುಮಾನದ ಹೆಂಗಸು ಇನ್ನೊಬ್ಬಳಿಲ್ಲ ಎಂದು ಅವಳ ಗಂಡ ದತ್ತಾನೇ ಹೇಳುತ್ತಾನೆ. ಗ್ಯಾಸ್ ಸಿಲಿಂಡರ್ ಬಂದರೆ ತಂದವನ ಎದುರೇ ಎತ್ತಿ ನೋಡುತ್ತಾಳೆ. ಗಂಡ ಬಂಗಡೆ ತಂದು ಈಗಷ್ಟೇ ಬಲೆಯಿಂದ ಬಿಡಿಸಿದ್ದು ಎಂದರೂ ಕಿವಿರು ಎತ್ತಿ ನೋಡದೆ ಬುಟ್ಟಿಗೆ ಹಾಕುವುದಿಲ್ಲ. ಈ ಗುಣ ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆಯ ಜೊತೆ ಕಾರವಾರದ ಮೀನು ಪೇಟೆಯಲ್ಲಿ ಕೂತಾಗ ಅತ್ತೆ ಹೇಳಿಕೊಟ್ಟ ಮೊದಲ ಪಾಠ ಅದು.

"ಬೇಗ ತೂಗಿದ ತಕ್ಕಡಿ ನಂಬೂದಲ್ಲ ಗೋ. ಮುಳ್ಳು ನಿಲ್ಲೂ ತನಕ ಕಣ್ಣು ತೆಗೀಬೇಡ."

ವೈಜಯಂತಿ ಬಿ.ಎಸ್ಸಿ. ಓದಿದವಳು. ಮೀನು ಮಾರುವ ಹೆಂಗಸರ ಒಕ್ಕೂಟದ ಕಚೇರಿ ಕಾರವಾರದಲ್ಲಿದೆ. ಬೆಳಿಗ್ಗೆ ಪೇಟೆಯ ಕೆಲಸ ಮುಗಿಸಿ, ಕೈ ತೊಳೆದು, ಸೀರೆ ಬದಲಿಸಿ ಅಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಮಾಜಾಳಿಯಿಂದ ಅಂಕೋಲೆಯ ಬೇಳಂಬರದವರೆಗೆ ಹನ್ನೆರಡು ದಂಡೆಗಳಲ್ಲಿ ಯಾವ ದಿನ ಯಾವ ಮೀನು ಎಷ್ಟು ಬಿತ್ತು ಎಂಬ ಲೆಕ್ಕವನ್ನು ಒಕ್ಕೂಟ ವರ್ಷಗಳಿಂದ ಕೂಡಿಸುತ್ತಾ ಬಂದಿದೆ. ಆ ರಾಶಿಯನ್ನು ತಿಂಗಳು ತಿಂಗಳಿಗೆ ಬೇರೆ ಮಾಡಿ ಹೇಳುವ ಒಂದು ಪ್ರೋಗ್ರಾಮು ಇತ್ತು. ಹಿಂದೊಮ್ಮೆ ಸಂಶೋಧನೆಗೆಂದು ಬಂದಿದ್ದ ಹೆಂಗಸೊಬ್ಬಳು ಅದನ್ನು ಆರ್ ಎಂಬ ಭಾಷೆಯಲ್ಲಿ ಬರೆದು, ವೈಜಯಂತಿಗೆ ಕಲಿಸಿ ಹೋಗಿದ್ದಳು.

ಆ ಪ್ರೋಗ್ರಾಮು ಸುತ್ತಿನೊಳಗೆ ಸುತ್ತು ಹಾಕುತ್ತಿತ್ತು. ಒಂದು ದಂಡೆ ಹಿಡಿಯುವುದು. ಅದರೊಳಗೆ ಒಂದು ತಿಂಗಳು. ಅದರೊಳಗೆ ಒಂದು ಮೀನು. ಹೀಗೆ ಒಂದನ್ನು ಹಿಡಿದು ಇಡೀ ರಾಶಿಯನ್ನು ತಲೆಯಿಂದ ಕಾಲಿನವರೆಗೆ ಹುಡುಕಿ, ಸಿಕ್ಕಿದ್ದನ್ನು ಕೂಡಿಸಿ, ಮತ್ತೆ ತಲೆಗೆ ಬಂದು ಮುಂದಿನ ಮೀನನ್ನು ಹುಡುಕುವುದು. ಇದಕ್ಕೆ ಲೂಪು ಎನ್ನುತ್ತಾರೆ. ಅಂಗಳದಲ್ಲಿ ಒಣಗಿದ ತಾರ್ಲೆ ಮೀನನ್ನು ಒಂದೊಂದೇ ಎತ್ತಿ, ಒಳಗೆ ಇಟ್ಟು, ಇನ್ನೊಂದಕ್ಕೆಂದು ಮತ್ತೆ ಅಂಗಳಕ್ಕೆ ಬಂದ ಹಾಗೆ. ಬೆಳಿಗ್ಗೆ ಹಚ್ಚಿದರೆ ಸಂಜೆಯ ಹೊತ್ತಿಗೆ ಮುಗಿಯುತ್ತಿತ್ತು. ಪರದೆಯ ಮೇಲೆ ದಂಡೆಯ ಹೆಸರುಗಳು ನಿಧಾನವಾಗಿ ಒಂದರ ಕೆಳಗೆ ಒಂದು ಮೂಡುವುದನ್ನು ನೋಡುತ್ತಿದ್ದರೆ ವೈಜಯಂತಿಗೆ ಸಮಾಧಾನ. ಮುಳ್ಳು ಅಲ್ಲಾಡುವುದು ಕಣ್ಣಿಗೆ ಕಾಣುತ್ತಿತ್ತು.

ಮಳೆ ನಿಂತ ಮೇಲೆ ರೋಷನ ಎಂಬ ಹುಡುಗ ಒಕ್ಕೂಟಕ್ಕೆ ಕೆಲಸಕ್ಕೆ ಬಂದ. ಅಂಕೋಲೆಯ ಬೇಲೇಕೇರಿಯವನು, ಮೀನುಗಾರರ ಮನೆಯವನೇ, ಧಾರವಾಡದಲ್ಲಿ ಓದಿದವನು. ವೈಜಯಂತಿಯನ್ನು ಮೊದಲ ದಿನದಿಂದಲೇ ವೈನಿ ಎಂದು ಕರೆದ. ಅತ್ತಿಗೆ ಎಂದು ಬೇಗ ಕರೆಯುವವರ ಮೇಲೂ ಅವಳಿಗೆ ಅನುಮಾನವೇ.

"ವೈನಿ, ಇದು ಯಾವಾಗಿಂದ ಓಡ್ತಾ ಅದೆ?"

"ಬೆಳಗಿಂದ."

"ಎಲ್ಲೀ ತನಕ ಬಂತು?"

"ಬಿಣಗಾ ದಾಟ್ತು."

"ನಡ್ಕಂಡು ಹೊರಟಿದ್ರೆ ನೀವೇ ಇಷ್ಟೊತ್ತಿಗೆ ನಮ್ಮ ಬೇಲೇಕೇರಿ ಮುಟ್ತಿದ್ರಿ."

ಅವಳು ನಗಲಿಲ್ಲ. ಅವನು ಕುರ್ಚಿ ಎಳೆದುಕೊಂಡು ವಿವರಿಸಿದ. ಆರ್‌ಗೆ ಒಂದೊಂದೇ ಮೀನು ಎತ್ತಲು ಹೇಳುವುದೇ ದಡ್ಡತನ. ಇಡೀ ಲೆಕ್ಕವನ್ನು ಸಾಲು ಸಾಲಾಗಿ ಒಂದು ಕೋಷ್ಟಕ ಮಾಡು. ಅದನ್ನು ಮ್ಯಾಟ್ರಿಕ್ಸ್ ಅನ್ನುತ್ತಾರೆ. ಒಂದು ಬುಟ್ಟಿ ಶೆಟ್ಲಿ ಸಿಗಡಿಯೂ ಒಂದು ಬುಟ್ಟಿ ತಾರ್ಲೆಯೂ ಪೇಟೆಯಲ್ಲಿ ಸಮವಲ್ಲ, ಆದ್ದರಿಂದ ಯಾವ ಮೀನಿಗೆ ಎಷ್ಟು ಮೌಲ್ಯ ಎಂಬುದು ಇನ್ನೊಂದು ಕೋಷ್ಟಕ. ಎರಡನ್ನೂ ಎದುರುಬದುರು ಇಟ್ಟು, ಗುಣಿಸು ಎಂದು ಒಂದು ಮಾತು ಹೇಳಿದರೆ ಆಯಿತು.

"ಮೀನು ಎತ್ಬೇಡಿ ವೈನಿ, ಬುಟ್ಟಿ ಎತ್ತಿ. ಅಷ್ಟೇ."

ಹಾಗೆ ಅವನು ಹಳೆಯ ಲೂಪುಗಳನ್ನೆಲ್ಲ ತೆಗೆದು ಹೊಸದಾಗಿ ಬರೆದ. ಕೊನೆಯ ಒಂದು ಹಂತ ಮಾತ್ರ ಉಳಿಯಿತು. ದಂಡೆ ದಂಡೆಗಳನ್ನು ಹೋಲಿಸುವಾಗ ತಿಂಗಳನ್ನು ನೋಡಬೇಕಾಗುತ್ತದೆ. ಜೂನಿನಲ್ಲಿ ಯಾರಿಗೂ ಮೀನಿಲ್ಲ, ಅಕ್ಟೋಬರಿನಲ್ಲಿ ಎಲ್ಲರಿಗೂ ಇದೆ. ಆದ್ದರಿಂದ ಪ್ರತಿ ತಿಂಗಳಿಗೆ ಹನ್ನೆರಡು ದಂಡೆಗಳ ಸರಾಸರಿ ತೆಗೆದು, ಆ ತಿಂಗಳ ಲೆಕ್ಕದಿಂದ ಆ ಸರಾಸರಿಯನ್ನು ಕಳೆಯುವುದು. ಆಗ ಯಾವ ದಂಡೆ ಉಳಿದವರಿಗಿಂತ ಎಷ್ಟು ಹಿಂದಿದೆ ಎಂದು ತಿಳಿಯುತ್ತದೆ.

"ಕಡೇದು ನೀವೇ ಬರೀರಿ," ಎಂದು ರೋಷನ ಊಟಕ್ಕೆ ಎದ್ದು ಹೋದ. ಹಳೆಯದರಲ್ಲಿ ಅದಕ್ಕೆ ಎರಡು ಸುತ್ತು ಇದ್ದವು. ವೈಜಯಂತಿ ಬಹಳ ಹೊತ್ತು ಯೋಚಿಸಿ ಒಂದೇ ಗೆರೆ ಬರೆದಳು: ಕೋಷ್ಟಕದಿಂದ ತಿಂಗಳ ಸರಾಸರಿಗಳ ಸಾಲನ್ನು ಕಳೆ. ತನಗೂ ಬುಟ್ಟಿ ಎತ್ತಲು ಬಂತು ಎಂದು ಒಳಗೊಳಗೇ ಹಿಗ್ಗಿದಳು.

ರೋಷನ ಬಂದು ಕೀಲಿ ಒತ್ತಿದ. ಅವನು ಬೆರಳು ತೆಗೆಯುವ ಮೊದಲೇ ಉತ್ತರ ಬಂದು ಕೂತಿತ್ತು.

"ಇದು ಕೆಲ್ಸ ಮಾಡ್ತೋ, ಅಲ್ಲಾ ಯಾವಾಗಿನದೋ ತಂದು ತೋರಿಸ್ತೋ?" ಎಂದಳು ವೈಜಯಂತಿ.

"ಮಾಡ್ತು ವೈನಿ."

"ನಾ ಕಾಣಲಿಲ್ಲ."

ಆ ಉತ್ತರಕ್ಕೆ ಒಂದು ಕೆಲಸ ಕಾದಿತ್ತು. ಒಕ್ಕೂಟಕ್ಕೆ ಒಂದು ಐಸ್ ಶೆಡ್ ಕಟ್ಟಿಸುವ ಅವಕಾಶ ಬಂದಿತ್ತು, ಒಂದೇ ಒಂದು. ಎಲ್ಲರಿಗಿಂತ ಹಿಂದುಳಿದ ದಂಡೆಗೆ ಕೊಡುವುದೆಂದು ಸಭೆಯಲ್ಲಿ ತೀರ್ಮಾನವಾಗಿತ್ತು. ಅರ್ಗಾದವರಿಗೆ ಆ ಶೆಡ್ ಬೇಕೇ ಬೇಕಿತ್ತು. ಮಧ್ಯಾಹ್ನ ಬಲೆ ಬಂದರೆ ಮೀನು ಇಡಲು ಜಾಗವಿಲ್ಲ. ಸಿಕ್ಕ ಬೆಲೆಗೆ ಕೊಟ್ಟು ಕೈ ತೊಳೆಯಬೇಕು, ಇಲ್ಲವೇ ತೆಂಗಿನ ಬುಡಕ್ಕೆ ಹಾಕಬೇಕು. ಪಕ್ಕದಲ್ಲೇ ನೌಕಾನೆಲೆ ಇರುವುದರಿಂದ ದೋಣಿ ಹೋಗಬಹುದಾದ ನೀರೇ ಅವರಿಗೆ ಕಿರಿದು. ಶೆಡ್ ನಮಗೇ ಎಂದು ಅರ್ಗಾದ ಹೆಂಗಸರು ಜಾಗವನ್ನೂ ಗುಡಿಸಿ ಇಟ್ಟಿದ್ದರು.

ಹೊಸ ಪ್ರೋಗ್ರಾಮು ಹೇಳಿದ್ದು ಬೇರೆ. ಎಲ್ಲರಿಗಿಂತ ಹಿಂದುಳಿದ ದಂಡೆ ಬೇಲೇಕೇರಿ. ಮೀನು ಹೆಚ್ಚಿರುವ ದಂಡೆಗಳಲ್ಲಿ ಮೊದಲು ಅಮದಳ್ಳಿ, ಅದರ ಕೆಳಗೇ ಅರ್ಗಾ.

ಕಾರ್ಯದರ್ಶಿ ಜಗದೀಶ ಅದನ್ನು ಮುದ್ರಿಸಿ ಗೋಡೆಗೆ ಅಂಟಿಸಿದ. ವೈಜಯಂತಿ ಬಸ್ಸಿಳಿಯುವ ಮೊದಲೇ ಸುದ್ದಿ ಅರ್ಗಾ ಮುಟ್ಟಿತ್ತು. ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು.

"ಬಾ ಗೋ ಸಾವ್ಕಾರ್ತಿ. ನಮ್ಮ ದಂಡೇಲಿ ಮೀನು ತುಂಬಿ ತುಳುಕ್ತದಂತೆ. ಒಂದು ಬುಟ್ಟಿ ಇತ್ಲಾಗೆ ತಾ, ಸಾರಿಗೆ ಎಂತಾ ಇಲ್ಲ."

"ಅತ್ತೆ, ಅದು ಯಂತ್ರ ಹೇಳಿದ್ದು."

"ಯಂತ್ರಕ್ಕೆ ಹೇಳಿಕೊಟ್ಟವ್ರು ಯಾರು?"

ದತ್ತಾ ಬಲೆ ಹೊಲಿಯುತ್ತಿದ್ದವನು ತಲೆ ಎತ್ತದೆ ಕೇಳಿದ. "ಆ ಹೊಸ ಪೋರ ಯಾವ ಊರಿನವ ಅಂದೆ ನೀನು?"

"ಬೇಲೇಕೇರಿ."

"ಹಾಂ. ಅವ್ರು ಬಲೆ ಒಗೀದೇ ಮೀನು ಹಿಡೀತ್ರು."

ಮರುದಿನ ಪೇಟೆಗೆ ಹೋಗುವ ಟೆಂಪೋದಲ್ಲಿ ಅವಳ ಬುಟ್ಟಿಗೆ ಯಾರೂ ಜಾಗ ಬಿಡಲಿಲ್ಲ. ಹಿಂದಿನಿಂದ ಒಬ್ಬಳು ಎಲ್ಲರಿಗೂ ಕೇಳುವಂತೆ ಕೇಳಿದಳು. "ವೈಜಯಂತಿ, ಬೇಲೇಕೇರಿಯಿಂದ ಎಂತಾ ಕಳಿಸಿದ್ರು ನಿಂಗೆ, ಬಂಗಡೆಯಾ, ಶೆಟ್ಲಿಯಾ?" ಉಳಿದವರು ಸೆರಗಿನಲ್ಲಿ ನಕ್ಕರು. ವೈಜಯಂತಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕಾರವಾರ ಮುಟ್ಟಿದಳು. ಅವರು ಅವಳನ್ನು ಅನುಮಾನಿಸುತ್ತಿದ್ದರು, ಅವಳು ರೋಷನನನ್ನು.

ಒಮ್ಮೆ ಅನುಮಾನ ಹೊಕ್ಕ ಮೇಲೆ ಕಂಡದ್ದೆಲ್ಲ ಸಾಕ್ಷಿಯೇ. ಅವಳು ಬಂದಾಗ ಅವನು ಲ್ಯಾಪ್‌ಟಾಪ್ ಮುಚ್ಚಿದರೆ ಏನೋ ಅಡಗಿಸಿದ. ಮುಚ್ಚದಿದ್ದರೆ ಅಡಗಿಸಿ ಆಗಿದೆ. ಒಂದು ದಿನ ಅವನು ಹೊರಗೆ ನಿಂತು ಫೋನಿನಲ್ಲಿ ಕೊಂಕಣಿಯಲ್ಲಿ, ಶೆಡ್ ನಮ್ಮ ದಂಡೆಗೇ ಬಂತು, ಆಯಿಗೆ ಹೇಳು ಎಂದದ್ದು ಕೇಳಿಸಿತು. ಗೋಡೆಗೆ ಅಂಟಿಸಿದ್ದನ್ನೇ ಅವನು ತಾಯಿಗೆ ಹೇಳಿ ಕಳಿಸಿದ್ದು. ಆದರೂ ಅವಳು ಅದನ್ನೂ ಸಾಕ್ಷಿಗೆ ಸೇರಿಸಿಕೊಂಡಳು.

ಅವನು ಇಲ್ಲದ ಹೊತ್ತು ನೋಡಿ ಅವನು ಬರೆದ ಗೆರೆಗಳನ್ನು ಒಂದೊಂದಾಗಿ ಓದಿದಳು. ಮೂರೇ ದಂಡೆಗಳ ಲೆಕ್ಕ ತೆಗೆದು ಅವನ ಗುಣಾಕಾರಕ್ಕೂ ಕೊಟ್ಟಳು, ಹಳೆಯ ಲೂಪಿಗೂ ಕೊಟ್ಟಳು. ಎರಡೂ ಕಡೆ ಅದೇ ಅಂಕಿ. ಇನ್ನೊಂದು ಮೂರು ದಂಡೆ ತೆಗೆದಳು. ಮತ್ತೆ ಅದೇ. ವೇಗ ಸುಳ್ಳಲ್ಲ ಎಂದು ಒಪ್ಪಬೇಕಾಯಿತು. ಆದರೆ ಕಳ್ಳ ಸಿಗಲಿಲ್ಲ ಎಂದರೆ ಕಳ್ಳ ಇಲ್ಲ ಎಂದಲ್ಲ, ಕಳ್ಳ ಜಾಣ ಎಂದು ಅರ್ಥ. ಅವಳು ಓದಿದ್ದು ಅವನ ಗೆರೆಗಳನ್ನು ಮಾತ್ರ. ಕೊನೆಯ ಗೆರೆ ತನ್ನದೇ ಆದ್ದರಿಂದ ಅದರ ಮೇಲೆ ಕಣ್ಣು ನಿಲ್ಲಲೇ ಇಲ್ಲ.

ಕಡೆಗೆ ಮೂಲೆಯ ಹಳೆಯ ಕಂಪ್ಯೂಟರಿನ ಧೂಳು ಒರೆಸಿ, ಹಳೆಯ ಪ್ರೋಗ್ರಾಮನ್ನು ಎಲ್ಲ ಹನ್ನೆರಡು ದಂಡೆಗಳಿಗೂ ಹಚ್ಚಿಬಿಟ್ಟಳು. ಅದು ಮಾಜಾಳಿ ಎಂದಿತು. ಚಹಾ ಕುಡಿದು ಬಂದಳು, ದೇವಬಾಗ ಎಂದಿತು. ಸಂಜೆ ಕಸ ಗುಡಿಸುವವಳು ಬಾಗಿಲು ಹಾಕಲು ಬಂದಾಗ ಬೇಳಂಬರವೂ ಮುಗಿದು ಉತ್ತರ ಬಂತು. ಎಲ್ಲರಿಗಿಂತ ಹಿಂದುಳಿದ ದಂಡೆ ಅರ್ಗಾ. ಬೇಲೇಕೇರಿ ನಡುವಿನಲ್ಲೆಲ್ಲೋ ಇತ್ತು.

ಮರುದಿನ ಎರಡು ಹಾಳೆಗಳನ್ನೂ ಜಗದೀಶನ ಮೇಜಿನ ಮೇಲೆ ಇಟ್ಟಳು. ರೋಷನ ಅಲ್ಲೇ ಇದ್ದ.

"ಒಂದೇ ಲೆಕ್ಕ, ಎರಡು ಉತ್ತರ," ಎಂದಳು. "ಹಳೇದ್ರಲ್ಲಿ ಅರ್ಗಾ. ಇವನದ್ರಲ್ಲಿ ಇವನೂರು."

ಜಗದೀಶ ಕನ್ನಡಕ ಹಾಕಿಕೊಂಡು ಎರಡನ್ನೂ ನೋಡಿದ. "ಏನಪ್ಪಾ ರೋಷನ?"

ರೋಷನನ ಮುಖ ಕಪ್ಪಿಟ್ಟಿತು. ಆದರೆ ಜಗಳ ಆಡಲಿಲ್ಲ. ಲ್ಯಾಪ್‌ಟಾಪ್ ತಂದು ಮೇಜಿನ ಮೇಲೆ ತೆರೆದ. ಸರಾಸರಿ ಕಳೆಯುವ ಮೊದಲಿನ ಕೋಷ್ಟಕವನ್ನು ಹಳೆಯದರಿಂದ ಒಂದು, ಹೊಸದರಿಂದ ಒಂದು ತೆಗೆದು ಪಕ್ಕಪಕ್ಕ ಇಟ್ಟ.

"ಇಲ್ಲೀ ತನಕ ಎರಡೂ ಒಂದೇ. ಹೌದನಾ ವೈನಿ?"

ಅವಳು ಬೆರಳಿಟ್ಟು ಸಾಲು ಸಾಲಾಗಿ ನೋಡಿದಳು. "ಹೌದು."

"ಇನ್ನು ಮುಂದೆ ಇರೂದು ಒಂದೇ ಗೆರೆ." ಅವನು ಪರದೆಯಲ್ಲಿ ಆ ಗೆರೆಯ ಮೇಲೆ ಬೆರಳಿಟ್ಟ. "ಅದು ನಂದಲ್ಲ."

ಆ ಗೆರೆ ಕಳೆಯುತ್ತಿರುವುದೇನು ಎಂದು ಅವನು ಬಿಡಿಸಿ ತೋರಿಸಿದ. ಕೋಷ್ಟಕದಲ್ಲಿ ದಂಡೆಗೊಂದು ಅಡ್ಡ ಸಾಲು, ತಿಂಗಳಿಗೊಂದು ಉದ್ದ ಸಾಲು. ಅರ್ಗಾದ ಸಾಲಿನ ಉದ್ದಕ್ಕೂ ಜನವರಿಯಿಂದ ಡಿಸೆಂಬರಿನವರೆಗೆ ಒಂದೇ ಅಂಕಿ, ಜೂನಿನ ಸರಾಸರಿ. ಬೇಲೇಕೇರಿಯ ಸಾಲಿನ ಉದ್ದಕ್ಕೂ ಅಕ್ಟೋಬರಿನ ಸರಾಸರಿ.

ವೈಜಯಂತಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅರ್ಗಾದಲ್ಲಿ ಯೆಂಡಿ ಬಲೆಯನ್ನು ಎಲ್ಲರೂ ಸೇರಿ ದಡಕ್ಕೆ ಎಳೆದ ಮೇಲೆ ಮೀನನ್ನು ಮರಳಿನ ಮೇಲೆ ಪಾಲು ಹಾಕುತ್ತಾರೆ. ಹಾಕುವವನು ಬುಟ್ಟಿ ಹಿಡಿದು ಅಡ್ಡ ಸಾಲಿನ ಗುಂಟ ನಡೆಯುತ್ತಾನೆ: ಇಲ್ಲೊಂದು ಹಿಡಿ, ಅದರ ಪಕ್ಕಕ್ಕೊಂದು ಹಿಡಿ. ಸಾಲು ಮುಗಿದರೆ ಮತ್ತೆ ಮೊದಲಿಗೆ ಬರುತ್ತಾನೆ. ಮದುವೆಯಾದಂದಿನಿಂದ ಅದನ್ನೇ ನೋಡಿದ ಅವಳ ಕಣ್ಣು, ತಿಂಗಳ ಸರಾಸರಿಗಳನ್ನು ಹಂಚು ಎಂದರೆ ಯಂತ್ರವೂ ಅಡ್ಡ ಸಾಲಿನಲ್ಲೇ ನಡೆಯುತ್ತದೆ ಎಂದು ತಿಳಿದಿತ್ತು: ಜನವರಿಯದು ಜನವರಿಗೆ, ಫೆಬ್ರವರಿಯದು ಫೆಬ್ರವರಿಗೆ. ಆದರೆ ಆರ್ ಮೇಲಿಂದ ಕೆಳಕ್ಕೆ ಹಂಚುತ್ತದೆ. ಜನವರಿಯದನ್ನು ಮೊದಲ ದಂಡೆ ಮಾಜಾಳಿಗೆ, ಫೆಬ್ರವರಿಯದನ್ನು ಅದರ ಕೆಳಗಿನ ದೇವಬಾಗಕ್ಕೆ. ಆರನೆಯದು ಅರ್ಗಾ, ಆರನೆಯದು ಜೂನ್. ದೋಣಿ ಮೇಲೆ ಎಳೆದಿಡುವ ತಿಂಗಳ ಜೊತೆ ಹೋಲಿಸಿದರೆ ಯಾವ ದಂಡೆಯಾದರೂ ಸಾವುಕಾರನೇ. ಹತ್ತನೆಯದು ಬೇಲೇಕೇರಿ, ಹತ್ತನೆಯದು ಅಕ್ಟೋಬರ್, ಮೀನು ತುಂಬುವ ಆ ತಿಂಗಳ ಜೊತೆ ಹೋಲಿಸಿದರೆ ಯಾವ ದಂಡೆಯಾದರೂ ಬಡವನೇ. ಪಾಲು ಸಮವಾಗಿ ಮುಗಿಯದಿದ್ದರೆ ಯಂತ್ರ ಗೊಣಗುತ್ತದೆ. ಇಲ್ಲಿ ಹನ್ನೆರಡು ತಿಂಗಳು ಹನ್ನೆರಡು ದಂಡೆಗೆ ಸಮವಾಗಿ ಮುಗಿದಿತ್ತು, ಹಾಗಾಗಿ ಸುಮ್ಮನಿತ್ತು.

"ನಂದೇ ಗೆರೆ," ಎಂದಳು ವೈಜಯಂತಿ. ರೋಷನನ ಮುಖ ನೋಡಲಾಗಲಿಲ್ಲ.

"ನಾನೂ ನೋಡ್ಬೇಕಿತ್ತು ವೈನಿ. ಊಟ ಮಾಡಿ ಬಂದವ ಕೀಲಿ ಒತ್ತೇಬಿಟ್ಟೆ."

ಜಗದೀಶ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟ. "ನೀವಿಬ್ರೂ ಒಪ್ಪಿದ್ರಿ, ಸರಿ. ಸಭೆ ಒಪ್ಪಬೇಕಲ್ಲ ವೈಜಯಂತಿಬಾಯಿ. ತಪ್ಪು ಮಾಡಿದ್ದು ಅರ್ಗಾದವ್ರು, ಹುಡುಕಿದ್ದು ಅರ್ಗಾದವ್ರು, ಈಗ ತಿದ್ದಿದ್ರೆ ಶೆಡ್ ಬರೂದೂ ಅರ್ಗಾಕ್ಕೆ. ಬೇಲೇಕೇರಿಯವ್ರ ಜಾಗದಲ್ಲಿ ನಾ ಇದ್ರೂ ನಂಬ್ತಿರ್ಲಿಲ್ಲ."

ಅವನ ಮಾತು ಸುಳ್ಳಾಗಿರಲಿಲ್ಲ. ಅವರ ಜಾಗದಲ್ಲಿ ಇದ್ದರೆ ತಾನು ಹಾಳೆಯನ್ನೇ ಮುಟ್ಟುತ್ತಿರಲಿಲ್ಲ ಎಂದು ವೈಜಯಂತಿಗೆ ಗೊತ್ತಿತ್ತು.

"ನಾ ಕೀಲಿ ಮುಟ್ಟೂದಿಲ್ಲ," ಎಂದಳು. "ರೋಷನ ತಿದ್ದಲಿ. ಸಭೇಲಿ ಬೆನ್ನು ತಿರುಗ್ಸುವ."

ಜಗದೀಶನಿಗೆ ಹೇಳಬೇಕಾಗಲಿಲ್ಲ, ಅವನೂ ದಂಡೆಯವನೇ. ಮರಳಿನ ಮೇಲೆ ಪಾಲು ಹಾಕಿ ಮುಗಿದ ಮೇಲೆ ಒಬ್ಬ ಸಮುದ್ರಕ್ಕೆ ಮುಖ ಮಾಡಿ, ಪಾಲಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಪಾಲಿಗೆ ಕೋಲು ತಾಗಿಸಿ ಯಾರದು ಎನ್ನುತ್ತಾನೆ. ನಿಂತವನು ನೋಡದೆ ಒಂದು ಹೆಸರು ಹೇಳುತ್ತಾನೆ. ಆಮೇಲೆ ಯಾರೂ ತಕರಾರು ಮಾಡುವಂತಿಲ್ಲ.

ಸಭೆಯ ದಿನ ಎಲ್ಲ ದಂಡೆಗಳಿಂದ ಹೆಂಗಸರು ಬಂದರು. ರೋಷನ ಎಲ್ಲರೆದುರು ಅಡ್ಡ ಸಾಲು ಉದ್ದವಾಗುವಂತೆ ಕೋಷ್ಟಕವನ್ನು ಮಗುಚಿ ನಿಲ್ಲಿಸಿದ, ಸರಾಸರಿ ಕಳೆದ, ಮತ್ತೆ ಮಗುಚಿ ಮೊದಲಿನಂತೆ ಮಾಡಿದ. ಹಾಗೆ ಮಾಡಿದರೆ ಮೇಲಿಂದ ಕೆಳಕ್ಕೆ ಹಂಚುವ ಯಂತ್ರವೂ ತಿಂಗಳದ್ದನ್ನು ತಿಂಗಳಿಗೇ ಕೊಡಬೇಕಾಗುತ್ತದೆ. ಇದರಲ್ಲೂ ಲೂಪಿಲ್ಲ, ಇದೂ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯಿತು. ಅರ್ಗಾ ಎಂದು ಬಂದಾಗ ಕೋಣೆಯಲ್ಲಿ ಗುಜುಗುಜು ಎದ್ದಿತು.

ಬೇಲೇಕೇರಿಯಿಂದ ಬಂದವಳು ಮಾನಸಾ, ಮಾತಿನಲ್ಲಿ ಯಾರಿಗೂ ಸೋಲದವಳು. "ಹೋದ ವಾರ ನಮ್ಗೆ, ಈ ವಾರ ಇವ್ರಿಗೆ. ಬರೂ ವಾರ ಯಾರಿಗೆ, ಗೋವಾಕ್ಕಾ?"

"ನೀವೇ ಬೆನ್ನು ತಿರುಗ್ಸಿ ನಿಲ್ಲಿ," ಎಂದ ಜಗದೀಶ. "ದಂಡೆ ಹೇಳಿ, ತಿಂಗಳು ಹೇಳಿ. ನಾ ಮೂಲ ಲೆಕ್ಕದಿಂದ ಕೈಯಲ್ಲೇ ಕೂಡಿಸಿ ಕಳೀತೆ. ರೋಷನ ಯಂತ್ರದ್ದು ಹೇಳಲಿ."

ಮಾನಸಾ ಸೆರಗು ಸಿಕ್ಕಿಸಿ, ಕಿಟಕಿಗೆ ಮುಖ ಮಾಡಿ ನಿಂತಳು. "ಬೇಲೇಕೇರಿ. ಅಕ್ಟೋಬರ್."

ಜಗದೀಶ ಕ್ಯಾಲ್ಕುಲೇಟರ್ ಒತ್ತಿ ಅಂಕಿ ಹೇಳಿದ. ರೋಷನ ಯಂತ್ರದ ಅಂಕಿ ಹೇಳಿದ. ಒಂದೇ. ಅರ್ಗಾದ ಹೆಂಗಸರು ಇನ್ನು ಶೆಡ್ ನಮಗೇ ಎಂದು ಸೆರಗು ಸರಿಪಡಿಸಿಕೊಂಡರು.

ಆಗ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದ ವೈಜಯಂತಿ ಎದ್ದು ನಿಂತಳು. ಸಭೆಯಲ್ಲಿ ಅವಳು ಮಾತಾಡಿದ್ದು ಅದೊಂದೇ ಸಲ.

"ಅದು ಲೆಕ್ಕಕ್ಕಿಲ್ಲ. ಬೇಲೇಕೇರಿ ಸಾಲಿಗೆ ಮೊದ್ಲೂ ಅಕ್ಟೋಬರಿನ ಸರಾಸರಿಯೇ ಹೋಗಿತ್ತು. ಹಾಂಗಾಗಿ ಆ ಒಂದು ಮನೆಯ ಅಂಕಿ ತಪ್ಪು ಕೋಷ್ಟಕದಲ್ಲೂ ಸರಿ ಇತ್ತು. ಬೇರೆ ಹೇಳಿ."

ಅವಳ ಅತ್ತೆ ಪಕ್ಕದಲ್ಲೇ ಇದ್ದವಳು ಸೀರೆ ಹಿಡಿದು ಎಳೆದಳು. "ಕೂತ್ಕ ಗೋ. ಬಂದ ಮೀನು ನೀರಿಗೆ ಬಿಡ್ತ್ಯಾ?"

ಮಾನಸಾ ತಿರುಗಿ ನೋಡಲಿಲ್ಲ. ಕಿಟಕಿಯ ಕಡೆಗೇ ಹೇಳಿದಳು. "ಅರ್ಗಾ. ಫೆಬ್ರವರಿ."

ಜಗದೀಶ ಈ ಸಲ ಎರಡು ಬಾರಿ ಒತ್ತಿದ. ಅರ್ಗಾ ಸರಾಸರಿಗಿಂತ ಕೆಳಗೆ. ಯಂತ್ರವೂ ಅದನ್ನೇ ಹೇಳಿತು. ಮಾನಸಾ ಕೇಣಿ ಎಂದಳು, ಹಾರವಾಡ ಎಂದಳು, ಮತ್ತೆ ತನ್ನೂರು ಎಂದಳು, ಬೇರೆ ಬೇರೆ ತಿಂಗಳು ಹೇಳಿದಳು. ಎಲ್ಲವೂ ಸರಿ ಬಂದವು. ಕಡೆಗೆ ಅವಳೇ ತಿರುಗಿದಳು.

"ಸರಿ, ಅರ್ಗಾಕ್ಕೇ ಕಟ್ಟಿ," ಎಂದಳು. "ಆದ್ರ ನಾ ನಂಬಿದ್ದು ಯಂತ್ರ ಅಲ್ಲ. ಆ ಹಿಂದೆ ಎದ್ದು ನಿಂತವಳನ್ನ."

ಹಾಗೆಂದರೂ ಎಲ್ಲರ ಅನುಮಾನ ಹೋಗಲಿಲ್ಲ. ಹೊರಗೆ ಚಹಾ ಕುಡಿಯುವಾಗ ಯಾರೋ, ತಪ್ಪು ಮಾಡಿ ಒಪ್ಪಿಕೊಂಡರೆ ಎಲ್ಲರೂ ನಂಬುತ್ತಾರೆಂದು ಗೊತ್ತಿದ್ದೇ ಮಾಡಿರಬಹುದು ಎಂದರು. ವೈಜಯಂತಿಗೆ ಅದು ಕೇಳಿಸಿತು. ಅವಳು ಸಿಟ್ಟು ಮಾಡಲಿಲ್ಲ. ತಾನಾದರೂ ಅದನ್ನೇ ಯೋಚಿಸುತ್ತಿದ್ದೆ ಎಂದುಕೊಂಡಳು.

ರೋಷನ ಚಹಾದ ಲೋಟ ಹಿಡಿದು ಪಕ್ಕ ಬಂದು ನಿಂತ. "ವೈನಿ, ಈಗಾರೂ ನಂಬಿಕೆ ಬಂತನಾ?"

"ನಿನ್ನ ಮೇಲೆ ಬಂತು."

"ಯಂತ್ರದ ಮೇಲೆ?"

"ಬೇಗ ತೂಗ್ತದೆ ಅದು."

"ನಿಮ್ಮ ಮೇಲೆ?"

"ಅದ್ಕೇ ಅಲ್ಲನಾ ಬೆನ್ನು ತಿರುಗ್ಸೂಕೆ ಹೇಳಿದ್ದು," ಎಂದಳು ವೈಜಯಂತಿ.

ಈಗ ಅರ್ಗಾದಲ್ಲಿ ಶೆಡ್ಡಿಗೆ ಗೋಡೆ ಎದ್ದಿದೆ, ತಗಡು ಹಾಕುವುದು ಬಾಕಿ. ಟೆಂಪೋದಲ್ಲಿ ಅವಳ ಬುಟ್ಟಿಗೆ ಮತ್ತೆ ಜಾಗ ಸಿಗುತ್ತದೆ. ಒಕ್ಕೂಟದಲ್ಲಿ ಹೊಸ ಪ್ರೋಗ್ರಾಮೇ ಓಡುತ್ತದೆ. ಆದರೆ ಪ್ರತಿ ಸಲ ಉತ್ತರ ಬಂದ ಮೇಲೆ ವೈಜಯಂತಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ನೋಡದೆ ಒಂದು ದಂಡೆ, ಒಂದು ತಿಂಗಳು ಹೇಳುತ್ತಾಳೆ. ರೋಷನ ಕೋಷ್ಟಕದ ಆ ಒಂದು ಮನೆಯನ್ನು ಹಳೆಯ ಲೂಪಿನಲ್ಲಿ ಹಾಕಿ ನೋಡುತ್ತಾನೆ. ಅಷ್ಟಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಇದನ್ನು ನಾಳೆ ಸಂಜೆ ವೈಜಯಂತಿಯಕ್ಕನಿಗೆ ಓದಿ ಹೇಳುತ್ತೇನೆ. ಅವಳು ತಪ್ಪೆಂದ ಕಡೆ ಗೀಟು ಹಾಕಿ, ಆ ಜಾಗವನ್ನು ಮತ್ತೆ ಬರೆಯುತ್ತೇನೆ.